ಸ್ಟೀಲ್ ತಟ್ಟೆಯ ಅಂಚಿನ ಅಕ್ಷರ

ಪುರಸೈವಾಕ್ಕಂನ ನಮ್ಮ ಮನೆಯಲ್ಲಿ ಒಂದು ಸ್ಟೀಲ್ ತಟ್ಟೆ ಇದೆ. ಅಮ್ಮ ಕಳೆದ ಸಲ ಊರಿಂದ ಬರುವಾಗ ಹಪ್ಪಳ, ಉಪ್ಪಿನಕಾಯಿಗಳ ಜೊತೆ ಅದನ್ನೂ ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದಳು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಿವೆ: ‘ತಾಲ್ಲೂಕು ಮಟ್ಟದ ರಸಪ್ರಶ್ನೆ, ಪ್ರಥಮ’. ಮಗಳಿಗೆ ಈಗ ಹತ್ತು ವರ್ಷ. ಶಾಲೆಯಲ್ಲಿ ತಮಿಳು ಕಲಿಯುತ್ತಾಳೆ; ಕನ್ನಡ ನಾನು ಮನೆಯಲ್ಲಿ ಕಲಿಸಿದಷ್ಟು. ಒಂದು ಭಾನುವಾರ ಊಟ ಮಾಡುತ್ತಾ ತಟ್ಟೆಯನ್ನು ತಿರುಗಿಸಿ ತಿರುಗಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿ, “ಅಪ್ಪಾ, ಇದು ನೀನು ಗೆದ್ದಿದ್ದಾ?” ಎಂದಳು.

ಹೌದು ಎನ್ನಲು ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು. ಯಾಕೆ ಎಂದು ಹೇಳಬೇಕಾದರೆ ಟಿವಿ ರಸಪ್ರಶ್ನೆಯ ಎರಡು ಪ್ರಸಿದ್ಧ ಸೋಲುಗಳ ಕಥೆ ಹೇಳಬೇಕು. ಒಂದು ನಿಜವಾದ ಸೋಲು, ಇನ್ನೊಂದು ಬರೆದುಕೊಟ್ಟ ಸೋಲು.

ನಿಜವಾದ ಸೋಲಿನ ಸುದ್ದಿ ನನಗೆ ತಲುಪಿದ್ದು 2004ರ ಡಿಸೆಂಬರ್ 1ರ ಬೆಳಗಿನ ಜಾವ. ಚೆನ್ನೈಗೆ ಬಂದು ಆಗ ಒಂದು ವರ್ಷ. ಗಂಗಾಧರೇಶ್ವರ ದೇವಸ್ಥಾನದ ಹತ್ತಿರ ನಾವು ನಾಲ್ವರು ಕನ್ನಡದ ಹುಡುಗರು ಒಂದು ಮನೆ ಮಾಡಿಕೊಂಡಿದ್ದೆವು. ನನ್ನದು ರಾತ್ರಿ ಪಾಳಿ. ಅಮೆರಿಕದ ಸಹೋದ್ಯೋಗಿಗಳು ಅವರ ದಿನ ಮುಗಿಸುವ ಮೊದಲು ನಮ್ಮೊಂದಿಗೆ ಒಂದು ಕಾಲ್‌ನಲ್ಲಿ ಬಾಕಿ ಕೆಲಸದ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದರು. ಅಂದು ಆ ಕಡೆಯವನು ಕೆಲಸದ ಮಾತನ್ನೇ ಎತ್ತಲಿಲ್ಲ. ಕೆನ್ ಸೋತುಹೋದ, ಎಂದ. ಅವನ ದನಿ ಕೇಳಿ ನಾನು ಯಾರೋ ಅವನ ಬಂಧುವಿರಬೇಕು ಅಂದುಕೊಂಡೆ.

ಕೆನ್ ಜೆನ್ನಿಂಗ್ಸ್ ಅಮೆರಿಕದ ಯೂಟಾ ರಾಜ್ಯದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್. 2004ರ ಜೂನ್ 2ರಂದು ‘ಜೆಪರ್ಡಿ’ ಎಂಬ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ. ಅಲ್ಲಿ ಒಂದು ಸಂಚಿಕೆಗೆ ಮೂವರು ಸ್ಪರ್ಧಿಗಳು. ಗೆದ್ದವರು ಮರುದಿನದ ಸಂಚಿಕೆಗೆ ಉಳಿದುಕೊಳ್ಳುತ್ತಾರೆ, ಉಳಿದಿಬ್ಬರು ಮನೆಗೆ. ಈತ ಉಳಿದುಕೊಂಡೇ ಹೋದ. ಸತತ 74 ಪಂದ್ಯ ಗೆದ್ದ. ಅಷ್ಟರಲ್ಲಿ ಗಳಿಸಿದ್ದು 25,20,700 ಡಾಲರ್. ಸಂಜೆ ಊಟದ ಹೊತ್ತಿಗೆ ಟಿವಿ ಹಾಕಿದರೆ ಅವನ ಮುಖ. ಹಾಗಾಗಿ ನನ್ನ ಸಹೋದ್ಯೋಗಿಗೆ ಅವನು ಹೆಚ್ಚುಕಡಿಮೆ ಬಂಧುವೇ ಆಗಿದ್ದ.

ಇಲ್ಲಿ ನಿಯಮದ ಒಂದು ಸೂಕ್ಷ್ಮವಿದೆ. ಮೊದಲೆಲ್ಲ ಐದು ಪಂದ್ಯ ಗೆದ್ದವರನ್ನು ಶಹಬ್ಬಾಸ್ ಎಂದು ಕಳಿಸಿಕೊಡುತ್ತಿದ್ದರು. ಅಂಥವರು ಅಲ್ಲಿಂದ ಸೋಲದೆಯೇ ಹೊರಗೆ ಬರುತ್ತಿದ್ದರು. 2003ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಎಷ್ಟು ದಿನ ಗೆಲ್ಲುತ್ತೀರೋ ಅಷ್ಟು ದಿನ ಇರಿ ಎಂದರು. ಕೇಳಲು ಇದು ದೊಡ್ಡ ಮನಸ್ಸಿನ ಮಾತು. ಆದರೆ ಇದರರ್ಥ, ಚಾಂಪಿಯನ್‌ಗೆ ಇನ್ನು ಹೊರಗೆ ಹೋಗಲು ಒಂದೇ ಬಾಗಿಲು: ಸೋಲು. ಎಪ್ಪತ್ನಾಲ್ಕು ಗೆದ್ದವನಾದರೂ ಒಂದು ದಿನ ಎಲ್ಲರೂ ನೋಡುವಾಗ ಸೋತೇ ಎದ್ದುಹೋಗಬೇಕು.

ಆ ದಿನ ಬಂದದ್ದು 75ನೇ ಪಂದ್ಯದಲ್ಲಿ. ಎದುರಿಗೆ ಕ್ಯಾಲಿಫೋರ್ನಿಯಾದಲ್ಲಿ ಮನೆ, ಜಾಗಗಳ ಮಾರಾಟದ ಕೆಲಸ ಮಾಡುತ್ತಿದ್ದ ನ್ಯಾನ್ಸಿ ಝರ್ಗ್. ಬಹುತೇಕ ಪಂದ್ಯಗಳಲ್ಲಿ ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಜೆನ್ನಿಂಗ್ಸ್‌ನನ್ನು ಯಾರೂ ಮುಟ್ಟಲಾಗದಷ್ಟು ಅಂತರವಿರುತ್ತಿತ್ತು. ಅಂದು ಮಾತ್ರ ಎರಡನೇ ಸುತ್ತಿನಲ್ಲಿ ಪಣ ಕಟ್ಟಿ ಉತ್ತರಿಸುವ ಎರಡೂ ಅವಕಾಶಗಳಲ್ಲಿ ತಪ್ಪಿದ. ಕೊನೆಯ ಪ್ರಶ್ನೆಗೆ ಬಂದಾಗ ಅವನ ಬಳಿ 14,400 ಡಾಲರ್, ಆಕೆಯ ಬಳಿ 10,000. ಆಕೆ ಪಣಕ್ಕಿಟ್ಟಿದ್ದು 4,401. ಲೆಕ್ಕ ನೋಡಿ: ಉತ್ತರ ಸರಿಯಾದರೆ ಅವನು ನಿಂತ ಜಾಗಕ್ಕಿಂತ ಸರಿಯಾಗಿ ಒಂದು ಡಾಲರ್ ಮೇಲೆ.

ಪ್ರಶ್ನೆ ವ್ಯಾಪಾರ, ಉದ್ಯಮದ ವಿಭಾಗದಿಂದ. ಒಂದು ಸಂಸ್ಥೆಯಲ್ಲಿ ಎಪ್ಪತ್ತು ಸಾವಿರ ಹಂಗಾಮಿ ನೌಕರರು, ಎಲ್ಲ ಕಚೇರಿ ಕೆಲಸದವರು. ಅವರಲ್ಲಿ ಬಹುಪಾಲು ಜನ ದುಡಿಯುವುದು ವರ್ಷಕ್ಕೆ ನಾಲ್ಕೇ ತಿಂಗಳು. ಯಾವುದು ಆ ಸಂಸ್ಥೆ? ಝರ್ಗ್ ಬರೆದದ್ದು ಎಚ್ ಅಂಡ್ ಆರ್ ಬ್ಲಾಕ್, ಜನರ ತೆರಿಗೆ ಪತ್ರ ತುಂಬಿಕೊಡುವ ಕಂಪನಿ. ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಅಮೆರಿಕದಲ್ಲಿ ತೆರಿಗೆಯ ಸುಗ್ಗಿ. ಜೆನ್ನಿಂಗ್ಸ್‌ನ ತಲೆ ಡಿಸೆಂಬರಿನ ಹಬ್ಬದ ಪಾರ್ಸೆಲುಗಳ ಕಡೆ ಓಡಿತು. ಫೆಡೆಕ್ಸ್ ಎಂದು ಬರೆದ. 8,799 ಡಾಲರಿಗೆ ಇಳಿದ. ಆಕೆ 14,401. ಜೆನ್ನಿಂಗ್ಸ್ ಆಕೆಯನ್ನು ಅಪ್ಪಿಕೊಂಡ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಮ್ಮ ಪಾಳಿಯಲ್ಲಿದ್ದ ಒಬ್ಬ ಹುಡುಗನಿಗೆ ಈ ಉತ್ತರ ಗೊತ್ತಿತ್ತು. ಅವನ ಅಣ್ಣ ಅಮೆರಿಕದಲ್ಲಿದ್ದ. ಪ್ರತಿ ವರ್ಷ ಏಪ್ರಿಲ್ 15ರ ಗಡುವಿನ ಮುಂಚೆ ಫೋನಿನಲ್ಲಿ ತೆರಿಗೆಯ ಗೋಳು ಹೇಳಿಕೊಳ್ಳುತ್ತಿದ್ದ. “ಇಷ್ಟೂ ಗೊತ್ತಿಲ್ವಾ ಆ ಚಾಂಪಿಯನ್‌ಗೆ?” ಎಂದು ನಕ್ಕ. ಗೊತ್ತಿರಲಿಲ್ಲ, ಅಷ್ಟೇ. ಅದೇ ಆ ಸೋಲಿನ ಗೌರವ ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ, ಇನ್ನೊಂದು ಸೋಲಿನ ಬಗ್ಗೆ ಓದಿದಾಗ.

ಆ ಸೋಲು ಗೊತ್ತಿಲ್ಲದ್ದರಿಂದ ಆದದ್ದಲ್ಲ, ಗೊತ್ತಿದ್ದೂ ಆದದ್ದು.

1956ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಟ್ವೆಂಟಿ ಒನ್’ ಎಂಬ ಕಾರ್ಯಕ್ರಮ ಶುರುವಾಯಿತು. ಇಬ್ಬರು ಸ್ಪರ್ಧಿಗಳು, ಇಬ್ಬರಿಗೂ ಒಂದೊಂದು ಗಾಜಿನ ಗೂಡು. ಹೊರಗಿನ ಸದ್ದು ಕೇಳದಂತೆ ಕಿವಿಗೆ ಹೆಡ್‌ಫೋನ್. ಒಂದರಿಂದ ಹನ್ನೊಂದರವರೆಗೆ ಎಷ್ಟು ಅಂಕದ ಪ್ರಶ್ನೆ ಬೇಕೋ ಕೇಳಿಕೊಳ್ಳಬಹುದು, ಅಂಕ ಹೆಚ್ಚಿದಷ್ಟೂ ಕಷ್ಟ. ಇಪ್ಪತ್ತೊಂದು ಮುಟ್ಟಿದವರು ಗೆದ್ದಂತೆ. ಮೊದಲ ಸಂಚಿಕೆಯನ್ನು ಪ್ರಾಮಾಣಿಕವಾಗಿಯೇ ನಡೆಸಿದರು. ಸ್ಪರ್ಧಿಗಳು ಒಂದರ ಮೇಲೊಂದು ಪ್ರಶ್ನೆಗೆ ಗೊತ್ತಿಲ್ಲ ಎನ್ನುತ್ತಾ ಹೋದರು. ಕಾರ್ಯಕ್ರಮ ನೀರಸವಾಯಿತು, ಪ್ರಾಯೋಜಕರು ಸಿಟ್ಟಾದರು. ಅಲ್ಲಿಂದ ಮುಂದೆ ನಿರ್ಮಾಪಕ ಡ್ಯಾನ್ ಎನ್‌ರೈಟ್ ಪ್ರಶ್ನೆ, ಉತ್ತರಗಳನ್ನು ಮೊದಲೇ ಹೇಳಿಕೊಟ್ಟು ನಾಟಕ ಆಡಿಸತೊಡಗಿದ.

ನಾಟಕದ ಮೊದಲ ನಾಯಕ ಹರ್ಬರ್ಟ್ ಸ್ಟೆಂಪೆಲ್. ನ್ಯೂಯಾರ್ಕಿನ ಕ್ವೀನ್ಸ್ ಕಡೆಯವನು, ಸೇನೆಯಲ್ಲಿದ್ದು ಬಂದು ಕಾಲೇಜು ಓದುತ್ತಿದ್ದವನು. ನಿಜಕ್ಕೂ ಅಪಾರ ನೆನಪಿನ ಶಕ್ತಿಯವನು. ಆದರೆ ಬಡ ವಿದ್ಯಾರ್ಥಿಯಾಗಿ ಕಾಣಬೇಕೆಂದು ಮೈಗೆ ಹೊಂದದ ಹಳೆಯ ಸೂಟು ಹಾಕಿಸಿದರು, ವಿಚಿತ್ರವಾಗಿ ಕೂದಲು ಕತ್ತರಿಸಿಸಿದರು. ಯಾವ ಪ್ರಶ್ನೆಗೆ ಎಷ್ಟು ಹೊತ್ತು ತಡವರಿಸಬೇಕು, ಹಣೆಯ ಬೆವರನ್ನು ಹೇಗೆ ಒತ್ತಿಕೊಳ್ಳಬೇಕು ಎಂಬುದನ್ನೂ ಹೇಳಿಕೊಟ್ಟರು. ಅವನು ವಾರ ವಾರ ಗೆದ್ದ. ಕೆಲವು ವಾರಗಳಾದ ಮೇಲೆ ಅವನ ಗೆಲುವು ಹಳತಾಯಿತು. ಹೊಸ ಮುಖ ಬೇಕಾಯಿತು.

ಹೊಸ ಮುಖ ಚಾರ್ಲ್ಸ್ ವ್ಯಾನ್ ಡೋರೆನ್. ಕೊಲಂಬಿಯಾ ವಿಶ್ವವಿದ್ಯಾಲಯದ ಉಪನ್ಯಾಸಕ, ತಂದೆ ಪುಲಿಟ್ಜರ್ ಪ್ರಶಸ್ತಿ ಪಡೆದ ಕವಿ, ನೋಡಲು ಸ್ಫುರದ್ರೂಪಿ. 1956ರ ಡಿಸೆಂಬರ್ 5ರಂದು ಸ್ಟೆಂಪೆಲ್ ಇವನಿಗೆ ಸೋಲಬೇಕೆಂದು ನಿಶ್ಚಯವಾಯಿತು. ತಪ್ಪು ಹೇಳಬೇಕಾದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು ಯಾವುದು? ಉತ್ತರ ‘ಮಾರ್ಟಿ’. ಸ್ಟೆಂಪೆಲ್‌ಗೆ ಅದು ಬಹಳ ಇಷ್ಟದ ಸಿನಿಮಾ, ಮತ್ತೆ ಮತ್ತೆ ನೋಡಿದ್ದ. ಈ ಒಂದನ್ನು ಮಾತ್ರ ತಪ್ಪು ಹೇಳಿಸಬೇಡಿ ಎಂದು ಬೇಡಿಕೊಂಡ. ನಿರ್ಮಾಪಕ ಒಪ್ಪಲಿಲ್ಲ. ಕೋಟಿಗಟ್ಟಲೆ ಜನರ ಎದುರು, ಅಷ್ಟು ಚೆನ್ನಾಗಿ ಗೊತ್ತಿದ್ದ ಹೆಸರನ್ನು ನುಂಗಿಕೊಂಡು, ಹಿಂದಿನ ವರ್ಷ ಗೆದ್ದಿದ್ದ ‘ಆನ್ ದಿ ವಾಟರ್‌ಫ್ರಂಟ್’ ಎಂದ.

ವ್ಯಾನ್ ಡೋರೆನ್ ದೇಶದ ಕಣ್ಮಣಿಯಾದ. ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದ. 1,29,000 ಡಾಲರ್ ಗಳಿಸಿ, 1957ರ ಮಾರ್ಚ್ 11ರಂದು ವಿವಿಯನ್ ನಿಯರಿಂಗ್ ಎಂಬ ವಕೀಲೆಗೆ ಸೋತ. ತಪ್ಪಿದ್ದು ಬೆಲ್ಜಿಯಂ ದೊರೆಯ ಹೆಸರಿನಲ್ಲಿ. ಅವನ ಸೋಲೂ ಮೊದಲೇ ಗೊತ್ತುಮಾಡಿದ್ದೇ.

ಸ್ಟೆಂಪೆಲ್ ಸತ್ಯ ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ಸೋತವನ ಹೊಟ್ಟೆಕಿಚ್ಚು ಎಂದರು. ಸೋತವರ ಮಾತಿಗೆ ಯಾವ ಊರಿನಲ್ಲೂ ಬೆಲೆ ಕಡಿಮೆ. 1958ರಲ್ಲಿ ‘ಡಾಟೋ’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಸ್ಪರ್ಧಿಯೊಬ್ಬಳ ನೋಟ್‌ಬುಕ್ ಸಿಕ್ಕಿತು, ಅದರಲ್ಲಿ ಉತ್ತರಗಳಿದ್ದವು. ಆಮೇಲೆ ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಚಿತ್ರಕಲಾವಿದ ಮುಂದೆ ಬಂದ. ಅವನೂ ‘ಟ್ವೆಂಟಿ ಒನ್’ನಲ್ಲಿ ಆಡಿದ್ದವನೇ. ತನಗೆ ಮೊದಲೇ ಹೇಳಿಕೊಟ್ಟ ಪ್ರಶ್ನೋತ್ತರಗಳನ್ನೆಲ್ಲ ಬರೆದು, ಪ್ರಸಾರಕ್ಕೆ ಮುಂಚೆಯೇ ರಿಜಿಸ್ಟರ್ಡ್ ಅಂಚೆಯಲ್ಲಿ ತನಗೆ ತಾನೇ ಕಳಿಸಿಕೊಂಡು, ಲಕೋಟೆ ಒಡೆಯದೆ ಇಟ್ಟುಕೊಂಡಿದ್ದ. ಅಂಚೆಯ ಮುದ್ರೆಯ ತಾರೀಕೇ ಸಾಕ್ಷಿಯಾಯಿತು. 1959ರ ನವೆಂಬರ್ 2ರಂದು ವ್ಯಾನ್ ಡೋರೆನ್ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡ. ಟಿವಿಯ ಕೆಲಸ ಹೋಯಿತು, ಕೊಲಂಬಿಯಾದ ಕೆಲಸವೂ ಹೋಯಿತು. 1960ರಲ್ಲಿ ರಸಪ್ರಶ್ನೆಯಲ್ಲಿ ಮೋಸ ಮಾಡುವುದನ್ನು ಅಪರಾಧವಾಗಿಸುವ ತಿದ್ದುಪಡಿ ಅಮೆರಿಕದ ಕಾನೂನಿಗೆ ಬಂತು.

‘ಜೆಪರ್ಡಿ’ ಹುಟ್ಟಿದ್ದು ಈ ಹಗರಣದ ಬೂದಿಯಲ್ಲೇ. ಜನ ರಸಪ್ರಶ್ನೆ ಎಂದರೆ ಮೂಗು ಮುರಿಯುತ್ತಿದ್ದ ಕಾಲ. ಮರ್ವ್ ಗ್ರಿಫಿನ್ ಎಂಬ ನಿರ್ಮಾಪಕ ಹೊಸ ಕಾರ್ಯಕ್ರಮಕ್ಕಾಗಿ ತಡಕಾಡುತ್ತಿದ್ದಾಗ ಅವನ ಹೆಂಡತಿ ಜೂಲಾನ್, ಸ್ಪರ್ಧಿಗಳಿಗೆ ಉತ್ತರವನ್ನೇ ಕೊಟ್ಟುಬಿಟ್ಟರೆ ಹೇಗೆ, ಎಂದಳಂತೆ. ಉತ್ತರ ಎಲ್ಲರೆದುರು ಹಲಗೆಯ ಮೇಲೆ. ಸ್ಪರ್ಧಿ ಅದಕ್ಕೆ ಹೊಂದುವ ಪ್ರಶ್ನೆ ಹೇಳಬೇಕು. ಯಾವುದನ್ನು ಕಳ್ಳತನದಲ್ಲಿ ಕೊಡುತ್ತಿದ್ದರೋ ಅದನ್ನೇ ಬಹಿರಂಗವಾಗಿ ಕೊಡುವ ಆಟ. 1964ರ ಮಾರ್ಚ್ 30ರಂದು ಶುರುವಾದ ಅದೇ ಆಟದಲ್ಲಿ ನಲವತ್ತು ವರ್ಷಗಳ ನಂತರ ಜೆನ್ನಿಂಗ್ಸ್ ಸೋತ. ಇನ್ನೂ ಎಷ್ಟು ದಿನ ಗೆದ್ದಿದ್ದರೂ ಕಾರ್ಯಕ್ರಮಕ್ಕೆ ಲಾಭವೇ ಇತ್ತು. ಆದರೂ ಅವನನ್ನು ಉಳಿಸಲು ಯಾರೂ ಕೈಹಾಕಲಿಲ್ಲ.

ಈಗ ತಟ್ಟೆಯ ವಿಷಯ.

ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರ. ರಸಪ್ರಶ್ನೆಯಲ್ಲಿ ಹಿಂದಿನ ಎರಡು ವರ್ಷವೂ ಪ್ರಥಮ ಬಂದವಳು ಇನ್ನೊಂದು ಶಾಲೆಯ ಹುಡುಗಿ, ನನಗಿಂತ ಒಂದು ವರ್ಷ ದೊಡ್ಡವಳು. ಆ ವರ್ಷವೂ ಅವಳೇ ಎಂದು ಎಲ್ಲರಿಗೂ ಗೊತ್ತಿತ್ತು. ಸ್ಪರ್ಧೆಯ ಹಿಂದಿನ ಸಂಜೆ ನಮ್ಮ ಮೇಷ್ಟ್ರೊಬ್ಬರು ನನ್ನನ್ನು ಮನೆಗೆ ಕರೆದು ಒಂದು ಹಾಳೆ ಕೊಟ್ಟರು. “ಇವಿಷ್ಟು ಮುಖ್ಯ, ಓದ್ಕೊಂಡು ಹೋಗು” ಎಂದರು. ಮುಖ್ಯ ಎಂಬ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಪರೀಕ್ಷೆಯ ಮುಂಚೆ ಎಲ್ಲ ಮೇಷ್ಟ್ರುಗಳೂ ಹೇಳುವ ಮಾತೇ. ಮರುದಿನ ವೇದಿಕೆಯ ಮೇಲೆ ಹಾಳೆಯ ಒಂದೊಂದೇ ಪ್ರಶ್ನೆ ಬರತೊಡಗಿದಾಗ ನನಗೆ ಗೊತ್ತಾಯಿತು.

ಅವಳು ಹಾಳೆಯಿಲ್ಲದೆಯೇ ನನ್ನ ಸಮಕ್ಕೆ ಬಂದಳು. ಸಮವಾದ್ದರಿಂದ ಇನ್ನೊಂದು ಪ್ರಶ್ನೆ: ಹಲ್ಮಿಡಿ ಗ್ರಾಮ ಯಾವ ತಾಲ್ಲೂಕಿನಲ್ಲಿದೆ? ಅವಳು ಸ್ವಲ್ಪ ಯೋಚಿಸಿ ಹಾಸನ ಎಂದಳು. ಜಿಲ್ಲೆ ಸರಿ, ತಾಲ್ಲೂಕು ಅಲ್ಲ. ನಾನು ಬೇಲೂರು ಎಂದೆ. ಯೋಚಿಸುತ್ತಿರುವಂತೆ ಒಂದೆರಡು ಕ್ಷಣ ತಡೆದೇ ಹೇಳಿದೆ. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಟೆಂಪೆಲ್‌ಗೆ ತಡವರಿಸುವುದನ್ನು ನಿರ್ಮಾಪಕ ಕಲಿಸಿದ್ದ. ನಾನು ತಾನಾಗಿಯೇ ಕಲಿತೆ.

ಕೆಳಗಿಳಿದ ಮೇಲೆ ಅವಳು ನನ್ನ ಹತ್ತಿರ ಬಂದು, “ಚೆನ್ನಾಗಿ ಓದ್ಕೊಂಡಿದ್ದೆ ಕಣೋ” ಎಂದಳು. ಅಷ್ಟೇ. ಅವಳಿಗೆ ಎರಡನೇ ಬಹುಮಾನ ಒಂದು ಸ್ಟೀಲ್ ಲೋಟ.

ವ್ಯಾನ್ ಡೋರೆನ್ ಬಗ್ಗೆ ಮೊದಲ ಸಲ ಓದಿದಾಗ ನನಗೆ ಅವನಿಗಿಂತ ಹೆಚ್ಚು ಕಾಡಿದ್ದು ಸ್ಟೆಂಪೆಲ್. ತನ್ನ ಸೋಲು ಸುಳ್ಳು ಎಂದು ಅವನಿಗಾದರೂ ಗೊತ್ತಿತ್ತು, ಕೂಗಿ ಹೇಳಲು ಅವನ ಬಳಿ ಒಂದು ಸತ್ಯವಿತ್ತು. ಆ ಹುಡುಗಿಗೆ ಅದೂ ಇರಲಿಲ್ಲ. ತನಗೆ ಗೊತ್ತಿದ್ದದ್ದು ಸಾಲದೇ ಹೋಯಿತು ಎಂದುಕೊಂಡೇ ಅವಳು ಮನೆಗೆ ಹೋಗಿರಬೇಕು. ಮೋಸದ ಆಟದಲ್ಲಿ ಗೆದ್ದವನ ಬಹುಮಾನ ಸುಳ್ಳಾಗುವುದು ಚಿಕ್ಕ ವಿಷಯ. ಸೋತವರ ಅರಿವಿನ ಮೇಲೆ ಅವರಿಗೇ ಅನುಮಾನ ಹುಟ್ಟುವುದು ದೊಡ್ಡ ನಷ್ಟ. ಜೆನ್ನಿಂಗ್ಸ್ ಫೆಡೆಕ್ಸ್ ಎಂದು ಬರೆದು ಸೋತಾಗ ಅವನಿಂದ ಯಾರೂ ಏನನ್ನೂ ಕದ್ದಿರಲಿಲ್ಲ. 74 ಗೆಲುವುಗಳೂ ಅವನವೇ, 75ನೆಯ ಸೋಲೂ ಅವನದೇ. ಆ ಸೋಲು ನಿಜವಾದ್ದರಿಂದಲೇ ಹಿಂದಿನ ಗೆಲುವುಗಳೂ ನಿಜ ಎಂದು ನೋಡಿದವರು ನಂಬಿದರು.

ನಮ್ಮ ಕಡೆಯ ಟಿವಿ ರಸಪ್ರಶ್ನೆಗಳಲ್ಲಿ ಇಂಥ ಚಾಂಪಿಯನ್ ಹುಟ್ಟುವುದೇ ಅಪರೂಪ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ನಡೆಸಿಕೊಟ್ಟ ‘ಕ್ವಿಜ್ ಟೈಮ್’ನಲ್ಲಿ ಆಡಿದ್ದು ಕಾಲೇಜುಗಳ ತಂಡಗಳು. 2000ದ ಜುಲೈಯಲ್ಲಿ ಬಂದ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಒಬ್ಬರನ್ನೊಬ್ಬರು ಸೋಲಿಸುವ ಮಾತಿಲ್ಲ, ಗೊತ್ತಿಲ್ಲದಿದ್ದರೆ ಅಲ್ಲಿಯವರೆಗಿನ ಹಣ ತೆಗೆದುಕೊಂಡು ಮರ್ಯಾದೆಯಿಂದ ಎದ್ದುಹೋಗಬಹುದು. ಇನ್ನು 2002ರಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’. ಅಲ್ಲಿ ಸರಿಯುತ್ತರಕ್ಕೆ ಸಿಗುವುದು ಪುಸ್ತಕ. ಗೆದ್ದವರೂ ಸೋತವರೂ ಮರುದಿನ ತಂತಮ್ಮ ಕೆಲಸಕ್ಕೆ ಹೋಗುತ್ತಾರೆ. ಊರು ಬಿಟ್ಟ ಹೊಸದರಲ್ಲಿ ರಜೆಗೆ ಹೋದಾಗ ಅಪ್ಪನ ಜೊತೆ ಅದನ್ನು ನೋಡುತ್ತಿದ್ದೆ. ಅಪ್ಪ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳಿ, ತಪ್ಪಾದರೆ “ಓಹೋ, ಹಾಗೋ” ಎಂದು ತಲೆಯಾಡಿಸುತ್ತಿದ್ದರು. ತಪ್ಪಿದ್ದಕ್ಕೆ ಇಷ್ಟು ಸಂತೋಷಪಡುವವರನ್ನು ನಾನು ಬೇರೆ ಕಂಡಿಲ್ಲ.

ಅದೇ ನೆನಪಿನಲ್ಲಿ ಇಲ್ಲಿ ಪುರಸೈವಾಕ್ಕಂ, ವೇಪೇರಿ, ಕೆಲ್ಲೀಸ್ ಕಡೆಯ ಏಳೆಂಟು ಕನ್ನಡ ಮನೆಗಳವರು ತಿಂಗಳಿಗೊಂದು ಭಾನುವಾರ ಸೇರಿ ರಸಪ್ರಶ್ನೆ ಆಡುತ್ತೇವೆ. ಪ್ರಶ್ನೆ ತಯಾರಿಸುವವನು ನಾನು. ಹೊಸಬರು ಬಂದಾಗ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ನಾವಿರುವ ಈ ಊರಿನ ಹೆಸರಿನಲ್ಲಿರುವ ‘ಪುರಸೈ’ ಏನು? ಇಪ್ಪತ್ತು ವರ್ಷ ಇಲ್ಲೇ ಇದ್ದವರೂ ತಡಬಡಿಸುತ್ತಾರೆ. ಪುರಸೈ ಎಂದರೆ ನಮ್ಮ ಮುತ್ತುಗದ ಮರ, ಗಂಗಾಧರೇಶ್ವರನ ಸ್ಥಳವೃಕ್ಷ. ಮುತ್ತುಗದ ಎಲೆಯಲ್ಲಿ ಉಂಡು ಬೆಳೆದವರು ಮುತ್ತುಗದ ಹೆಸರಿನ ಊರಿಗೇ ಬಂದು ನೆಲೆಸಿದ್ದೇವೆ ಎಂದಾಗ ಎಲ್ಲರಿಗೂ ಒಂದು ಖುಷಿ. ಪ್ರಶ್ನೆಗಳ ಲಕೋಟೆಯನ್ನು ಅಂಟಿಸಿ ತಂದು ಎಲ್ಲರೆದುರೇ ಒಡೆಯುತ್ತೇನೆ. ಇದೇನು ಲೋಕಸೇವಾ ಆಯೋಗದ ಪರೀಕ್ಷೆಯಾ, ಎಂದು ಗೆಳೆಯರು ಗೇಲಿ ಮಾಡುತ್ತಾರೆ. ಸ್ನಾಡ್‌ಗ್ರಾಸ್‌ನ ಕಥೆ ಹೇಳಿ ನಗಿಸಿದ್ದೇನೆ. ನನ್ನ ಕಥೆ ಹೇಳಿಲ್ಲ.

ಕಳೆದ ಬಾರಿ ಇನ್ನೊಂದು ಪ್ರಶ್ನೆ ಕೇಳಿದೆ. ಇಂಗ್ಲಿಷಿನಲ್ಲಿ ಬರೆದಾಗ ಎಚ್ ಅಕ್ಷರದಿಂದ ಕೊನೆಯಾಗುವ ಒಂದೇ ಒಂದು ದೇಶ ಯಾವುದು? ಜನಸಂಖ್ಯೆಯಲ್ಲಿ ಜಗತ್ತಿನ ಮೊದಲ ಹತ್ತರಲ್ಲಿದೆ. ಮಕ್ಕಳೇ ಕೂಗಿದರು: ಬಾಂಗ್ಲಾದೇಶ! ಇದೇ ಪ್ರಶ್ನೆಯಲ್ಲಿ 2022ರ ಜನವರಿ 26ರಂದು ‘ಜೆಪರ್ಡಿ’ಯ ಆಮಿ ಶ್ನೈಡರ್ ಸೋತಳು, ಸತತ 40 ಪಂದ್ಯ ಗೆದ್ದ ಮೇಲೆ. ಅವಳಿಗೆ ಏನೂ ಹೊಳೆಯಲಿಲ್ಲ. ಗೆದ್ದವನು ಶಿಕಾಗೊದ ಗ್ರಂಥಪಾಲಕ ರೋನ್ ಟಾಲ್ಸ್ಮಾ. ಅಂದು ಆ ಪ್ರಶ್ನೆ ಓದಿದ ನಿರೂಪಕ ಯಾರು ಗೊತ್ತೇ? ಕೆನ್ ಜೆನ್ನಿಂಗ್ಸ್. ಹದಿನೇಳು ವರ್ಷಗಳ ಹಿಂದೆ ಸೋತವನೇ ಈಗ ಪ್ರಶ್ನೆ ಕೇಳುವ ಜಾಗದಲ್ಲಿ ನಿಂತಿದ್ದ. ಅವನನ್ನು ಸೋಲಿಸಿದ ನ್ಯಾನ್ಸಿ ಝರ್ಗ್ ಮರುಪಂದ್ಯದಲ್ಲೇ ಮೂರನೆಯವಳಾಗಿ ಮನೆಗೆ ಹೋಗಿದ್ದಳು. ಆದರೆ ಆ ಒಂದು ದಿನದ ಗೆಲುವನ್ನು ಆಕೆ ಯಾರ ಮುಂದೆಯೂ ತಡವರಿಸದೆ ಹೇಳಿಕೊಳ್ಳಬಹುದು.

ನಾನು ಮಗಳ ಮುಂದೆ ತಡವರಿಸಿದೆ. ಆಮೇಲೆ ಹೇಳಿದೆ. ಹಾಳೆ, ಮೇಷ್ಟ್ರು, ಹಲ್ಮಿಡಿ, ನಾನು ಯೋಚಿಸುವಂತೆ ನಟಿಸಿದ ಆ ಎರಡು ಕ್ಷಣ, ಎಲ್ಲವನ್ನೂ. ಅವಳು ಅನ್ನ ಕಲಸುತ್ತಾ ಕೇಳಿಸಿಕೊಂಡಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಆ ಅಕ್ಕಂಗೆ ಹೇಳಿದ್ಯಾ?” ಎಂದಳು.

“ಇಲ್ಲ.”

“ಅವರ ಹೆಸರು ಗೊತ್ತಾ?”

ಗೊತ್ತಿದೆ. ಶಾಲೆಯೂ ಗೊತ್ತು, ಮದುವೆಯಾಗಿ ಹೋದ ಊರೂ ಗೊತ್ತು. ಈ ಪ್ರಶ್ನೆಗೆ ಮಾತ್ರ ಯಾವ ಹಾಳೆಯೂ ಇಲ್ಲದೆ ಉತ್ತರ ಬರುತ್ತದೆ. ಮುಂದಿನ ತಿಂಗಳು ಊರಿನ ಜಾತ್ರೆ. ಟಿಕೆಟ್ ಮಾಡಿಸಿದ್ದೇನೆ. ತಟ್ಟೆಯನ್ನೂ ಬ್ಯಾಗಿಗೆ ಹಾಕಿಕೋ ಎಂದು ಮಗಳು ಹೇಳುತ್ತಿದ್ದಾಳೆ.